ಇಲಿಯ ಕಣ್ಣು, ಅಳಿಲಿನ ಕಣ್ಣು

ನಮ್ಮ ಕಥೆಗಳಲ್ಲಿ ಹೆಸರು ಪಡೆದ ಎರಡು ಕಿರುಪ್ರಾಣಿಗಳೆಂದರೆ ಗಣಪತಿಯ ಇಲಿ ಮತ್ತು ಶ್ರೀರಾಮನ ಅಳಿಲು. ಒಂದು ದೇವರನ್ನು ಹೊತ್ತಿತು. ಇನ್ನೊಂದು ಸೇತುವೆಗೆ ಮರಳು ಹೊತ್ತಿತು. ಇವೆರಡೂ ಹತ್ತಿರದ ದಾಯಾದಿಗಳೆಂಬ ಸಂಗತಿಯನ್ನು ಪೌರಾಣಿಕರು ಹೇಳಲಿಲ್ಲ, ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಜೀವಮಾನವೆಲ್ಲ ಬೆಳೆಯುತ್ತಲೇ ಇರುವ ಬಾಚಿಹಲ್ಲುಗಳುಳ್ಳ ಈ ದಂಶಕ ವರ್ಗದಲ್ಲಿ ಹೆಗ್ಗಣವೂ ಮುಳ್ಳುಹಂದಿಯೂ ಸೇರಿವೆ. ಸುಂಡಿಲಿ ಮಾತ್ರ ಹೆಸರಿಗಷ್ಟೆ ಇಲಿ. ಅದರ ಕುಲವೇ ಬೇರೆ. ಹಲ್ಲಿನಲ್ಲಿ ಈ ಬಳಗಕ್ಕೆಲ್ಲ ಒಂದೇ ಹೋಲಿಕೆ. ಕಣ್ಣಿನಲ್ಲಾದರೋ ಒಬ್ಬೊಬ್ಬರದು ಒಂದೊಂದು ಬಗೆ.

ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡವನಿಗೆ ಇಲಿಯ ಕಣ್ಣಿನ ಗೊಡವೆ ಏಕೆಂದು ಮಿತ್ರರು ಕೇಳಿಯಾರು. ಕಾರಣವನ್ನು ಆಮೇಲೆ ಹೇಳುತ್ತೇನೆ. ಮೊದಲು ಕಣ್ಣಿನ ಮಾತು.

ಕಣ್ಣಿನ ಹಿಂಭಿತ್ತಿಯಲ್ಲಿ ಅಕ್ಷಿಪಟಲವೆಂಬ ತೆಳುವಾದ ಪದರವಿದೆ. ಅದರಲ್ಲಿ ಬೆಳಕನ್ನು ಹಿಡಿಯುವ ಕೋಶಗಳಿವೆ: ಮಂದ ಬೆಳಕಿಗೆ ದಂಡಕೋಶಗಳು, ಹಗಲಿಗೂ ಬಣ್ಣಕ್ಕೂ ಶಂಕುಕೋಶಗಳು. ಮನೆಯ ಸಣ್ಣ ಇಲಿಯ ಕಣ್ಣು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಗೋಲಿಯಂತೆ ದುಂಡಗಿರುವ ಮಸೂರವೇ ಅದರ ಬಹುಭಾಗವನ್ನು ತುಂಬಿಕೊಂಡಿದೆ. ಬೆಳಕಿನ ಕೋಶಗಳಲ್ಲಿ ನೂರಕ್ಕೆ ಸುಮಾರು 97 ದಂಡಕೋಶಗಳು. ಇರುಳಿನ ಸಂಚಾರಿಗೆ ಇದು ತಕ್ಕ ಸಲಕರಣೆ. ದೊಡ್ಡ ಇಲಿಯ ವಿಶೇಷವೊಂದನ್ನು ಜರ್ಮನಿಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು: ಓಡಾಡುವಾಗ ಅದರ ಎರಡು ಕಣ್ಣುಗಳೂ ಬೇರೆ ಬೇರೆ ದಿಕ್ಕಿಗೆ ತಿರುಗಿದರೂ ತಲೆಯ ಮೇಲಿನ ಬಯಲು ಮಾತ್ರ ಕಣ್ತಪ್ಪುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹಗಲೆಲ್ಲ ಬಯಲಿನಲ್ಲಿ ಮೇಯುವ ನೆಲದ ಅಳಿಲಿನ ಲೆಕ್ಕ ತಿರುಗುಮುರುಗು. ಅಲ್ಲಿ ನೂರಕ್ಕೆ ಸುಮಾರು 85 ಶಂಕುಕೋಶಗಳು. ಮಸೂರಕ್ಕೆ ಹಳದಿ ಛಾಯೆಯುಂಟು. ಬಿಸಿಲಿನ ನೇರಳಾತೀತ ಕಿರಣಗಳನ್ನು ಅದು ಸೋಸಿಬಿಡುತ್ತದೆ. ಪ್ರಕೃತಿಯೇ ತೊಡಿಸಿದ ತಂಪು ಕನ್ನಡಕವೆನ್ನೋಣ!

ಮೂರನೆಯ ದಾಯಾದಿ ಇಸ್ರೇಲ್ ಮೊದಲಾದ ದೇಶಗಳಲ್ಲಿ ನೆಲದಡಿಯೇ ಬಾಳುವ ಸ್ಪ್ಯಾಲಕ್ಸ್ ಎಂಬ ಕುರುಡು ಪ್ರಾಣಿ. ಅದರ ಕಣ್ಣು ಒಂದು ಮಿಲಿಮೀಟರಿಗೂ ಕಡಿಮೆ. ಅದೂ ಚರ್ಮ ರೋಮಗಳ ಅಡಿಯಲ್ಲಿ ಹುದುಗಿದೆ. ಮಸೂರ ಕೆಟ್ಟಿದೆ, ಬಿಂಬ ಮೂಡುವಂತಿಲ್ಲ. ಹಾಗಾದರೆ ಈ ಕಣ್ಣು ಬರಿಯ ಅವಶೇಷವೆ? ಅಲ್ಲ. ಅದರ ಅಕ್ಷಿಪಟಲ ಇನ್ನೂ ಜೀವಂತವಾಗಿದೆ. ಹಗಲು ಯಾವುದು, ಇರುಳು ಯಾವುದು ಎಂಬುದನ್ನು ಶರೀರಕ್ಕೆ ತಿಳಿಸುವುದೇ ಅದರ ಕೆಲಸ. ನೋಟ ಅಳಿದಿದೆ, ಗಡಿಯಾರ ಉಳಿದಿದೆ.

ಈಗ ಕಾರಣ ಹೇಳುತ್ತೇನೆ. ನಮ್ಮ ಸೋದರಮಾವನವರು ನಮ್ಮ ಮನೆಯಲ್ಲಿಯೇ ಇದ್ದಾರೆ. ಹರೆಯದಲ್ಲಿ ಅವರಿಗೆ ಮುಚ್ಚಂಜೆಯಾದರೆ ದಾರಿ ತೋಚುತ್ತಿರಲಿಲ್ಲ, ಊರವರು ಇರುಳುಗುರುಡೆಂದರು. ಕ್ರಮೇಣ ಅಕ್ಕಪಕ್ಕದ ನೋಟ ಕುಗ್ಗಿತು. ಈಗ ಎದುರಿಗೆ ನಿಂತವರ ಮುಖವೂ ಕಾಣದು. ವೈದ್ಯರು ರೆಟಿನೈಟಿಸ್ ಪಿಗ್ಮೆಂಟೋಸ ಎಂದರು: ಮೊದಲು ದಂಡಕೋಶಗಳು ಸಾಯುತ್ತವೆ, ಬಳಿಕ ಶಂಕುಕೋಶಗಳು. ಮನೆಯನ್ನು ಹೊಸದಾಗಿ ಕಟ್ಟಿಸುವ ಮಾತು ಬಂದಾಗ ಕಿಟಕಿಯಿಲ್ಲದ ಒಳಕೋಣೆ ಅವರಿಗೆ ಸಾಕೆಂದು ನಿಶ್ಚಯವಾಯಿತು. "ಅವನಿಗೆ ಕಿಟಕಿ ಇದ್ದರೇನು, ಬಿಟ್ಟರೇನು?" ಎಂದರು ದೊಡ್ಡಪ್ಪ. ಮಾವ ಎದುರಾಡಲಿಲ್ಲ. ಆಮೇಲೆ ಜಗಲಿಯಲ್ಲಿ ನನ್ನೊಡನೆ, "ಏನೂ ಕಾಣುವುದಿಲ್ಲ ಕಣೋ, ಆದರೆ ಬೆಳಗಾದದ್ದು ತಿಳಿಯುತ್ತದೆ" ಎಂದರು.

ಆ ಒಂದು ಮಾತೇ ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿತು. ಅಮೆರಿಕದ ಕೀಲರ್ ಎಂಬಾತ 1924ರಲ್ಲಿ ದಂಡಕೋಶಗಳಿಲ್ಲದ ಇಲಿಗಳನ್ನು ವರ್ಣಿಸಿದ್ದನು. ಆ ಇಲಿಗಳಲ್ಲಿ ಕೆಟ್ಟಿದ್ದ ಜೀನಿನ ದೋಷವೇ ಮಾವನಿಗಿರುವಂಥ ರೋಗದ ಕೆಲವು ಮನುಷ್ಯರಲ್ಲಿಯೂ ಇದೆಯೆಂದು 1993ರಲ್ಲಿ ತಿಳಿಯಿತು. ದಂಡವೂ ಶಂಕುವೂ ಎರಡೂ ಇಲ್ಲದ ಇಲಿಗಳು ಸಹ ಕಣ್ಣಿನ ಮೂಲಕವೇ ಹಗಲಿರುಳಿಗೆ ಹೊಂದಿಕೊಳ್ಳುತ್ತವೆಂದು 1999ರಲ್ಲಿ ಸಿದ್ಧವಾಯಿತು. ಕಣ್ಣು ತೆಗೆದರೆ ಆ ಶಕ್ತಿಯೂ ಹೋಗುತ್ತದೆ. ಬೆಳಕನ್ನು ತಾವೇ ಗ್ರಹಿಸಿ ಮಿದುಳಿನ ಗಡಿಯಾರಕ್ಕೆ ಸುದ್ದಿ ಕಳುಹಿಸುವ ಮೂರನೆಯ ಬಗೆಯ ಕೋಶಗಳು 2002ರಲ್ಲಿ ಬೆಳಕಿಗೆ ಬಂದವು. ಮನುಷ್ಯರ ಮಾತೇನು? ಏನೂ ಕಾಣದ ಕೆಲವು ಅಂಧರ ಶರೀರವೂ ಕಣ್ಣಿಗೆ ಬಿದ್ದ ಪ್ರಖರ ಬೆಳಕಿಗೆ ಓಗೊಡುತ್ತದೆಂದು 1995ರಲ್ಲೇ ಪ್ರಕಟವಾಗಿತ್ತು. ಎಲ್ಲ ಅಂಧರಲ್ಲಿಯೂ ಅಲ್ಲ, ಕೆಲವರಲ್ಲಿ. ಆದರೆ ಆ ಕೆಲವರಿಗೆ ಬೆಳಗಿನ ಬಿಸಿಲು ನಿದ್ದೆಯನ್ನೂ ಎಚ್ಚರವನ್ನೂ ತಿದ್ದುವ ಔಷಧವೇ ಸರಿ.

ಕಾಣುವುದೊಂದೇ ಕಣ್ಣಿನ ಕೆಲಸವಲ್ಲ. ಇಲಿ, ಅಳಿಲು, ಸ್ಪ್ಯಾಲಕ್ಸುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ದೊರೆತ ಪಾಠ ಇದು. ಕಾಣದ ಕಣ್ಣನ್ನು ವ್ಯರ್ಥವೆಂದು ಕತ್ತಲೆಗೆ ನೂಕುವ ಮುನ್ನ ನಾವು ಎರಡು ಸಲ ಯೋಚಿಸಬೇಕು.

ಮನೆಗೆ ಇನ್ನೂ ಪಾಯ ತೋಡಿಲ್ಲ. ಬೇಸಗೆಯ ರಜಕ್ಕೆ ಊರಿಗೆ ಹೋದಾಗ ಈ ಸಂಚಿಕೆಯನ್ನು ದೊಡ್ಡಪ್ಪನವರ ಕೈಗೆ ಕೊಡಬೇಕೆಂದಿದ್ದೇನೆ. ಪೂರ್ವದ ಗೋಡೆಯಲ್ಲಿ ಒಂದು ಕಿಟಕಿ. ನಾನು ಕೇಳುವುದು ಅಷ್ಟೆ.