ಜಿದ್ದಾದಿಂದ ಹಗರೆಗೆ ಎಷ್ಟು ದೂರ?

ನಮ್ಮ ಅಬ್ಬಾ ಜಿದ್ದಾದಲ್ಲಿ ಎ.ಸಿ. ಮೆಕ್ಯಾನಿಕ್. ಅದು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ‘ಆರು ಗಂಟೆ’ ಎನ್ನುತ್ತಿದ್ದೆ. ಹಗರೆಯಲ್ಲಿ ನಾವು ದೂರವನ್ನು ಹೇಳುವುದೇ ಹಾಗೆ. ಬೇಲೂರು ಅರ್ಧ ಗಂಟೆ, ಬೆಂಗಳೂರು ನಾಲ್ಕೂವರೆ ಗಂಟೆ.

ತ್ರಿಕೋನಮಿತಿ ಕಲಿತ ಮೇಲೆ ಕಿಲೋಮೀಟರನ್ನೂ ನಾನೇ ಲೆಕ್ಕ ಹಾಕಿದೆ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಭೂಮಿಯ ಕೇಂದ್ರದಲ್ಲಿ ಅವುಗಳ ನಡುವಿನ ಕೋನ ಸಿಗುತ್ತದೆ. ಬೆಂಗಳೂರು–ಜಿದ್ದಾ ಕೋನ ಸುಮಾರು 37.6 ಡಿಗ್ರಿ. ಡಿಗ್ರಿಗೆ 111 ಕಿ.ಮೀ. ಹಿಡಿದರೆ ಹತ್ತಿರ ಹತ್ತಿರ 4,180 ಕಿ.ಮೀ. ಲೆಕ್ಕ ಬೇಡವೆನ್ನುವವರು ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಎಳೆದು ನೋಡಬಹುದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದರೆ ದಾರ ಉತ್ತರ ಧ್ರುವದ ಕಡೆಗೇ ಏರುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ತಂಡ ಏರ್ ಇಂಡಿಯಾ ವಿಮಾನವನ್ನು ಆ ದಾರಿಯಲ್ಲೇ ಬೆಂಗಳೂರಿಗೆ ತಂದಿತು. ಸುಮಾರು 14,000 ಕಿ.ಮೀ., ಹದಿನೇಳು ಗಂಟೆ.

ಜಿದ್ದಾ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಬ್ಬಾ ಬೆಳಿಗ್ಗೆ ಹತ್ತಕ್ಕೆ ಇಲ್ಲಿಂದ ಹಾರಿದರೆ ಅಲ್ಲಿ ಇಳಿದಾಗ ಒಂದೂವರೆ. ‘ಹೋಗೋಕೆ ಮೂರೂವರೆ ಗಂಟೆ, ಬರೋಕೆ ಎಂಟೂವರೆ ಗಂಟೆ. ಮನೆ ಕಡೆ ದಾರಿ ಯಾಕೆ ಉದ್ದ?’ ಎಂದು ದಾದಿ ನಗುತ್ತಿದ್ದರು. ಹಾಸನದ ಬೂವನಹಳ್ಳಿಯಲ್ಲಿ ವಿಮಾನ ಇಳಿಯುವಂತಾದರೆ ತಾನೇ ಹೋಗಿ ಮಗನನ್ನು ಕರೆತರುವುದಾಗಿಯೂ ಹೇಳುತ್ತಿದ್ದರು.

ಕಳೆದ ಚಳಿಗಾಲದ ಒಂದು ರಾತ್ರಿ ಒಂಬತ್ತೂವರೆಗೆ ದಾದಿ ತೀರಿಕೊಂಡರು. ಆಗ ಜಿದ್ದಾದಲ್ಲಿ ಏಳು ಗಂಟೆ. ಆರು ಗಂಟೆಯ ದಾರಿಯಾದರೆ ಅಬ್ಬಾ ಬೆಳಗಾಗುವಷ್ಟರಲ್ಲಿ ಬರಬೇಕು. ಆದರೆ ಕೆಲಸದವರ ಒಪ್ಪಿಗೆ, ಎಕ್ಸಿಟ್ ರೀ-ಎಂಟ್ರಿ ಕಾಗದ, ಟಿಕೆಟ್ ಎಲ್ಲ ಆಗಬೇಕಲ್ಲ. ನೇರ ವಿಮಾನದಲ್ಲಿ ಸೀಟು ಇರಲಿಲ್ಲ, ದುಬೈ ಮೇಲೆ ಸಿಕ್ಕಿತು. ಲೆಕ್ಕದಲ್ಲಿ ದುಬೈ ಸುತ್ತು ಸುಮಾರು 200 ಕಿ.ಮೀ. ಅಷ್ಟೇ. ಅಲ್ಲಿ ಕಾಯುವುದು ಮಾತ್ರ ನಾಲ್ಕು ಗಂಟೆ. ನಮ್ಮ ಸಮಯಕ್ಕೆ ಬೆಳಿಗ್ಗೆ ಆರಕ್ಕೆ ಹೊರಟವರು ಬೆಂಗಳೂರು ಮುಟ್ಟುವುದು ಸಂಜೆ ಐದಕ್ಕೆ. ಆಮೇಲೆ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ.

ಮನೆಯಲ್ಲಿ ಹಿರಿಯರು ಕೂತು ಮಾತಾಡಿದರು. ರಾತ್ರಿಯವರೆಗೆ ಕಾಯೋಣ ಎಂದು ಚಾಚಾ, ಮಯ್ಯತ್ ಇಡಬಾರದು ಎಂದು ಉಳಿದವರು. ದುಬೈಯಿಂದ ಅಬ್ಬಾ ಫೋನ್ ಮಾಡಿ, ‘ನನಗೋಸ್ಕರ ಕಾಯಬೇಡಿ’ ಎಂದರು. ಅಷ್ಟೇ ಹೇಳಿದ್ದು.

ಜೊಹರ್ ಆದ ಮೇಲೆ ಜನಾಜಾ ಎತ್ತಿದರು. ನಾನು ಮೊಬೈಲ್ ತೆಗೆದು ನೋಡಿದೆ. ವಿಮಾನದ ಗುರುತು ಓಮಾನ್ ದಾಟಿ ಸಮುದ್ರದ ಮೇಲಿತ್ತು.

ಅಬ್ಬಾ ಹಗರೆ ತಲುಪಿದಾಗ ರಾತ್ರಿ ಹತ್ತೂವರೆ, ದಾದಿ ಹೋಗಿ ಇಪ್ಪತ್ತೈದು ಗಂಟೆ. ಮನೆಯೊಳಗೆ ಬರಲಿಲ್ಲ. ಬ್ಯಾಗನ್ನು ಜಗಲಿ ಮೇಲಿಟ್ಟು, ಚಾಚಾ ಕೈಯಿಂದ ಟಾರ್ಚ್ ತೆಗೆದುಕೊಂಡು ಖಬರಸ್ತಾನದ ಕಡೆ ನಡೆದರು.