ಉದ್ಯೋಗ ಅನ್ನೋ ಕಾಲಂನಾಗ ಏನು ಬರಿಯೋದು?

ನಮ್ಮ ವಿಜಯಪುರದ ಕಡೆ 'ದುಡಿಯಾಕ ಹೋಗ್ಯಾಳ' ಅನ್ನೋ ಮಾತಿಗೆ ಹೇಳೋರ ದನಿ ನೋಡಿ ಅರ್ಥ ಹಚ್ಚಬೇಕು. ಸಲೀಸಾಗಿ ಹೇಳಿದರೆ ಪುಣೆಗೋ ಗೋವಾಕ್ಕೋ ಕಟ್ಟಡದ ಕೆಲಸಕ್ಕೆ ಹೋಗಿದ್ದಾಳೆ ಅಂತ. ಹೇಳುತ್ತಾ ಹೇಳುತ್ತಾ ಒಂದು ಗಳಿಗೆ ತಡೆದು, ಎದುರಿನವರ ಮುಖ ನೋಡಿದರೆ ಅದು ಬೇರೆ ದುಡಿಮೆ. ಅದನ್ನ ಯಾರೂ ಬಿಡಿಸಿ ಹೇಳೋದಿಲ್ಲ, ಯಾರೂ ಬಿಡಿಸಿ ಕೇಳೋದೂ ಇಲ್ಲ. ಆದರೆ ಎರಡಕ್ಕೂ ಕ್ರಿಯಾಪದ ಒಂದೇ ನೋಡಿ. ಊರಿನ ಮಾತು ಇದನ್ನೂ ದುಡಿಮೆ ಅಂತ ಯಾವತ್ತೋ ಒಪ್ಪಿಕೊಂಡಿದೆ. ಒಪ್ಪದೇ ಇರೋದು ಕಾನೂನು, ಮತ್ತೆ ನಮ್ಮಂಥ ಓದಿದವರು.

ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಎಚ್‌ಆರ್. ಪಿಎಫ್, ಗ್ರಾಚ್ಯುಟಿ, ಹೆರಿಗೆ ರಜೆ, ನೋಟಿಸ್ ಪೀರಿಯಡ್ ಇವೇ ನನ್ನ ದಿನದ ಅನ್ನ. ತವರು ಬಬಲೇಶ್ವರ. ಅವ್ವನ ತವರು ತಿಕೋಟಾ ಪಕ್ಕದ ಹಳ್ಳಿ. 2018ರ ಹೊತ್ತಿಗೆ ಎರಡೂ ಹೊಸ ತಾಲ್ಲೂಕು ಆದವು, ಬೋರ್ಡುಗಳು ಬದಲಾದವು. ಬದಲಾಗದ್ದು ದ್ರಾಕ್ಷಿ. ಅಕ್ಟೋಬರ್ ಸುಮಾರಿಗೆ ಚಾಟಣಿ, ಆಮೇಲೆ ಗೊನೆ ಬಿಡಿಸಿ ತೆಳು ಮಾಡೋದು, ಬೇಸಿಗೆ ಹತ್ತಿದರೆ ಕಟಾವು, ಶೆಡ್ಡಿನಲ್ಲಿ ಒಣಗಿಸಿ ಮಣೂಕ ಆರಿಸೋದು. ಈ ಕೆಲಸದ ಬಹುಪಾಲು ಹೆಂಗಸರದು. ಸೀಜನ್ ಇದ್ದಾಗ ಕೈಗೆ ಬಿಡುವಿಲ್ಲ, ಮುಗಿದ ಮೇಲೆ ಕೈಗೆ ಕೆಲಸವಿಲ್ಲ.

ನಮ್ಮ ಮಾಮಾನ ತೋಟಕ್ಕೆ ಬರುತ್ತಿದ್ದವರಲ್ಲಿ ಒಬ್ಬಾಕೆಯನ್ನ ನಾನು ಸಣ್ಣಾಕಿದ್ದಾಗಿನಿಂದ ಅಕ್ಕ ಅಂತಲೇ ಕರೆಯೋದು. ಹೆಸರು ಬರೆಯೋದಿಲ್ಲ. ಆಕೆಗೆ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿದ್ದು 1990ರ ಸುಮಾರಿಗೆ. ಕರ್ನಾಟಕದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದ್ದು. ಅಂದರೆ ಕಾನೂನು ಮೊದಲು ಬಂತು, ಮುತ್ತು ಆಮೇಲೆ ಬಂತು. ಕೆಲವು ವರ್ಷ ಸಾಂಗ್ಲಿ, ತಿರುಗಿ ಊರು. ಈಗ ತೋಟದ ಕೆಲಸ ಇದ್ದಾಗ ತೋಟ, ಇಲ್ಲದಾಗ ಫೋನ್ ಬಂದರೆ ಬಸ್ ಹತ್ತಿ ವಿಜಯಪುರ. ಆಕೆ ಅದನ್ನ 'ದಂಧೆ' ಅಂತಾಳೆ. ಹಾಗನ್ನುವಾಗ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ. ನಾನು 'ಆಫೀಸು' ಅನ್ನೋ ಹಾಗೆ.

ಹೋದ ಸಲ ಊರಿಗೆ ಹೋದಾಗ ಆಕೆ ಕೇಳಿದ್ದು ಇಷ್ಟೇ:

"ತಂಗಿ, ನೀ ಅಷ್ಟ ಮಂದಿಗಿ ಪಿಎಫ್ ಮಾಡಸ್ತಿ ಅಂತಲ್ಲ, ನಮ್ಮಂಥಾರಿಗಿ ಏನರೆ ಐತೇನ್ ಬೇ?"

ಮಗಳು ವಿಜಯಪುರದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಆಕೆಯ ಅರ್ಜಿಯೊಂದರಲ್ಲಿ 'ತಾಯಿಯ ಉದ್ಯೋಗ' ಅನ್ನೋ ಕಾಲಂ ಇತ್ತು. ಮಗಳು 'ಕೂಲಿ' ಅಂತ ಬರೆದಿದ್ದಳು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಲೈಂಗಿಕ ದುಡಿಮೆಯನ್ನ ಕೆಲಸ ಅಂತ ಒಪ್ಪಬೇಕೋ ಬೇಡವೋ ಅನ್ನೋ ಚರ್ಚೆ ನಮ್ಮ ಆಫೀಸಿನ ಕ್ಯಾಂಟೀನ್‌ನಲ್ಲೂ ನಡೆಯುತ್ತದೆ. ಒಂದು ಗುಂಪು 'ಲೀಗಲ್ ಮಾಡಿ, ಲೈಸೆನ್ಸ್ ಕೊಡಿ, ಟ್ಯಾಕ್ಸ್ ಹಾಕಿ, ಮುಗೀತು' ಅನ್ನುತ್ತದೆ. ಇನ್ನೊಂದು ಗುಂಪು 'ಛೇ, ಇದನ್ನ ಕೆಲಸ ಅಂದರೆ ಶೋಷಣೆಗೆ ಸೀಲು ಒತ್ತಿದ ಹಾಗೆ' ಅನ್ನುತ್ತದೆ. ಎರಡೂ ಕಡೆಯವರು ಐಟಿಪಿಎ ಓದಿರೋದಿಲ್ಲ. ನಾನು ಓದಿದೆ. ಪಾಲಿಸಿ ಡಾಕ್ಯುಮೆಂಟ್ ಓದೋದು ನನ್ನ ಹೊಟ್ಟೆಪಾಡು.

1956ರ ಈ ಕಾಯ್ದೆಯ ಪ್ರಕಾರ ವಯಸ್ಕ ಹೆಂಗಸು ದುಡ್ಡು ತಗೊಂಡು ಲೈಂಗಿಕ ಸಂಬಂಧ ಮಾಡೋದು ತನ್ನಷ್ಟಕ್ಕೆ ಅಪರಾಧ ಅಲ್ಲ. ಅಪರಾಧ ಇರೋದು ಅದರ ಸುತ್ತಮುತ್ತ. ಗಿರಾಕಿಯನ್ನ ಕರೆಯೋದು ಅಪರಾಧ. ಗುಡಿ, ಮಸೀದಿ, ಶಾಲೆ, ಹಾಸ್ಟೆಲ್, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ಮಾಡೋದು ಅಪರಾಧ. ವಿಜಯಪುರ ಬಲ್ಲವರು ಒಂದು ಸಲ ಯೋಚನೆ ಮಾಡಿ: ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾ ತನಕ ಗುಡಿ, ಮಸೀದಿ, ಸಾಲಿ, ದವಾಖಾನೆ ಯಾವುದೂ 200 ಮೀಟರ್ ಹತ್ತಿರ ಇಲ್ಲದ ಜಾಗ ಎಷ್ಟು ಸಿಕ್ಕೀತು? ಇನ್ನು ವೇಶ್ಯಾಗೃಹ ಅಂದರೆ ಏನು ಅಂತ ಕಾಯ್ದೆ ಹೇಳೋದು ಕೇಳಿ. ಬೇರೊಬ್ಬರ ಲಾಭಕ್ಕೆ ನಡೆಸೋ ಜಾಗ ಮಾತ್ರ ಅಲ್ಲ, ಇಬ್ಬರು ಅಥವಾ ಹೆಚ್ಚು ಹೆಂಗಸರು ಪರಸ್ಪರ ಲಾಭಕ್ಕಾಗಿ ಬಳಸೋ ಕೋಣೆಯೂ ಅದೇ. ಜೀವ ಭದ್ರ ಇರಲಿ ಅಂತ ಇಬ್ಬರು ಗೆಳತಿಯರು ಒಂದು ಬಾಡಿಗೆ ಮನೆ ಮಾಡಿದರೆ ಅದು ವೇಶ್ಯಾಗೃಹ. ಒಬ್ಬಳೇ ಗುರುತಿಲ್ಲದ ಲಾಡ್ಜಿಗೆ ಹೋದರೆ ಅಲ್ಲ. ಸುರಕ್ಷತೆ ಹುಡುಕಿದವಳಿಗೆ ಶಿಕ್ಷೆ, ಅಪಾಯಕ್ಕೆ ಇಳಿದವಳಿಗೆ ವಿನಾಯಿತಿ.

ನನ್ನನ್ನ ಹೆಚ್ಚು ಕಾಡಿದ್ದು 4ನೇ ಸೆಕ್ಷನ್. ಬೇರೊಬ್ಬರು ಹೀಗೆ ದುಡಿದ ಹಣದಲ್ಲಿ, ಗೊತ್ತಿದ್ದೂ ಬದುಕೋ 18 ವರ್ಷ ಮೇಲ್ಪಟ್ಟ ಯಾರೇ ಆದರೂ ಎರಡು ವರ್ಷದ ತನಕ ಜೈಲಿಗೆ ಹೋಗಬಹುದು. ದಲ್ಲಾಳಿಗಳನ್ನ ಹಿಡಿಯೋಕೆ ಬರೆದ ಸಾಲು ಅದು. ಆದರೆ ಅದರಲ್ಲಿ ಮಗಳು, ಮುದುಕಿ ಅವ್ವ ಅಂತ ಯಾರಿಗೂ ರಿಯಾಯಿತಿ ಇಲ್ಲ. ಅಕ್ಕನ ಮಗಳಿಗೆ ಹತ್ತೊಂಬತ್ತು ತುಂಬಿದೆ. ಆಕೆಯ ಕಾಲೇಜಿನ ಫೀ, ಬಸ್ ಪಾಸ್, ಹಾಸ್ಟೆಲ್ಲಿನ ಊಟ ಎಲ್ಲ ಯಾವ ದುಡ್ಡು ಅಂತ ಆಕೆಗೆ ಗೊತ್ತು. ಕಾಗದದ ಮೇಲೆ, ಓದೋ ಹುಡುಗಿ ಅಪರಾಧಿ.

"ಹಂಗಾದ್ರ ಲೈಸೆನ್ಸ್ ಕೊಡಲಿ" ಅನ್ನೋ ಕ್ಯಾಂಟೀನ್ ಗೆಳೆಯರಿಗೆ ನನ್ನ ಉತ್ತರ: ಆ ಔಷಧಿ ನಮ್ಮ ದೇಶ ಕುಡಿದು ನೋಡಿದೆ. ಬ್ರಿಟಿಷರು 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದು, ಹೆಂಗಸರ ಹೆಸರು ನೋಂದಾಯಿಸಿ, ಕಡ್ಡಾಯ ತಪಾಸಣೆ ಮಾಡಿಸಿ, ರೋಗ ಇದ್ದವರನ್ನ ಆಸ್ಪತ್ರೆಯಲ್ಲಿ ಕೂಡಿ ಹಾಕುತ್ತಿದ್ದರು. ಸೈನಿಕರ ಆರೋಗ್ಯ ಕಾಪಾಡೋದು ಅದರ ಉದ್ದೇಶ, ಹೆಂಗಸರದ್ದಲ್ಲ. 1888ರಲ್ಲಿ ಅದು ರದ್ದಾಯಿತು. ಜರ್ಮನಿ 2017ರಲ್ಲಿ ನೋಂದಣಿ ಕಡ್ಡಾಯ ಮಾಡಿತು. ಅಲ್ಲಿ ಲಕ್ಷಗಟ್ಟಲೆ ಜನ ಈ ಕೆಲಸದಲ್ಲಿದ್ದಾರೆ ಅನ್ನೋ ಅಂದಾಜಿದ್ದರೂ ಹೆಸರು ಬರೆಸಿದವರು ಕೆಲವು ಹತ್ತು ಸಾವಿರ ಮಾತ್ರ. ಬರ್ಲಿನ್ ಬಿಡಿ, ತಿಕೋಟಾದ ತಾಲ್ಲೂಕು ಕಚೇರಿಯಲ್ಲಿ ಇಂಥ ಕೌಂಟರ್ ತೆರೆದರೆ ಯಾರು ಹೋಗಿ ನಿಲ್ಲುತ್ತಾರೆ? ಆ ಕಡೆ ಕೂತ ಗುಮಾಸ್ತ ಊರಿನವನೇ. ಈ ಮಾತು ಅಕ್ಕನಿಗೆ ಹೇಳಿದೆ. "ಅಲ್ಲಿ ಹೆಸರ ಬರಸೂದಕ್ಕಿಂತ ಹಣಿ ಮ್ಯಾಲ ಬರಸ್ಕೊಳ್ಳೂದ ಚಲೋ" ಅಂತ ನಕ್ಕಳು.

ಬೆಲ್ಜಿಯಂ ದಾರಿ ಬೇರೆ. 2022ರಲ್ಲಿ ಲೈಂಗಿಕ ದುಡಿಮೆಯನ್ನ ಅಪರಾಧದ ಪಟ್ಟಿಯಿಂದ ತೆಗೆದು, 2024ರ ಡಿಸೆಂಬರ್ 1ರಿಂದ ಕೆಲಸದ ಒಪ್ಪಂದಕ್ಕೂ ದಾರಿ ಮಾಡಿದರು. ಕಾಯಿಲೆ ರಜೆ, ಹೆರಿಗೆ ರಜೆ, ಪಿಂಚಣಿ. ಗಿರಾಕಿಯನ್ನ ಬೇಡ ಅನ್ನೋ ಹಕ್ಕು, ನಡುವೆಯೇ ನಿಲ್ಲಿಸೋ ಹಕ್ಕು, ಹಾಗೆ ಮಾಡಿದ್ದಕ್ಕೆ ಕೆಲಸ ಕಳಕೊಳ್ಳದ ಹಕ್ಕು. ಕೋಣೆಯಲ್ಲಿ ಅಲಾರಂ ಗುಂಡಿ. ಓದಿದಾಗ ನನ್ನೊಳಗಿನ ಎಚ್‌ಆರ್ ಕುಣಿದಾಡಿದಳು. ಆದರೆ ಅದು ಮಾಲೀಕ ಇರೋ ಕಡೆಯ ಮಾತು. ಅಕ್ಕನಿಗೆ ಮಾಲೀಕನಿಲ್ಲ. ಇರೋದು ಒಂದು ಫೋನು, ಪರಿಚಯದ ಒಂದಿಬ್ಬರು, ಒಂದು ಬಸ್ ಸ್ಟ್ಯಾಂಡು. ಅಲಾರಂ ಗುಂಡಿ ಯಾವ ಗೋಡೆಗೆ ಹಚ್ಚೋಣ?

ಮಾಲೀಕನಿಲ್ಲದ ಕೆಲಸಗಾರರಿಗೆ ಹಕ್ಕು ಕೊಡೋದು ನಮಗೆ ಹೊಸದೇನಲ್ಲ. ಕಟ್ಟಡ ಕಾರ್ಮಿಕರಿಗೆ 1996ರಲ್ಲೇ ಕಾಯ್ದೆ ಬಂದಿತ್ತು. ಕಟ್ಟಡದ ವೆಚ್ಚದ ಮೇಲಿನ ಸೆಸ್‌ನಿಂದ ಕಲ್ಯಾಣ ಮಂಡಳಿ ನಡೆಯುತ್ತದೆ, ಮೇಸ್ತ್ರಿ ಬದಲಾದರೂ ಕಾರ್ಡು ಉಳಿಯುತ್ತದೆ. ನಮಗೆ ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಂದುಕೊಡೋ ಹುಡುಗರಿಗಾಗಿ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು, ಅವರಿಗೆ ಸಂದಾಯವಾಗೋ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ. ಇಲ್ಲಿ ಸೆಸ್ ಹಾಕೋಕೆ ಕಂಪನಿ ಇಲ್ಲ ನಿಜ. ಹಾಗಾದರೆ ಸರ್ಕಾರವೇ ಕೊಡಲಿ, ಮಾಜಿ ದೇವದಾಸಿಯರಿಗೆ ಮಾಸಾಶನ ಕೊಡುತ್ತಿರೋದೂ ಅದೇ ಅಲ್ಲವೇ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2020ರ ಅಕ್ಟೋಬರ್‌ನಲ್ಲಿ, ಕೋವಿಡ್ ಕಾಲದಲ್ಲಿ, ಇವರನ್ನ ಅಸಂಘಟಿತ ಕಾರ್ಮಿಕರು ಅಂತ ಗುರುತಿಸಿ ಅಂತ ಸಲಹೆ ಕೊಟ್ಟಿತ್ತು. ಮುಂದಿನ ತಿಂಗಳೇ ಆ ಸಾಲು ಸಡಿಲಾಗಿ 'ಮಾನವೀಯ ನೆಲೆಯಲ್ಲಿ ನೆರವು' ಅಂತಾಯಿತು. ಕಾರ್ಮಿಕ ಅಂದರೆ ಕೇಳಿ ಪಡೆಯಬಹುದು. ಮಾನವೀಯ ನೆಲೆ ಅಂದರೆ ಕೊಟ್ಟಾಗ ಇಸಕೋಬೇಕು.

2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಕೆಲವು ನಿರ್ದೇಶನ ಕೊಟ್ಟಿತು. 1999ರಲ್ಲಿ ಕೋಲ್ಕತ್ತಾದಲ್ಲಿ ನಡೆದ ಲೈಂಗಿಕ ಕಾರ್ಯಕರ್ತೆಯೊಬ್ಬಳ ಕೊಲೆಯಿಂದ ಹುಟ್ಟಿದ ಪ್ರಕರಣ ಅದು. ಪೀಠದಲ್ಲಿ ಕೊಡಗಿನ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ಇದ್ದರು. ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕು, ಕಾಂಡೋಮ್ ಇತ್ತು ಅನ್ನೋದನ್ನ ಅಪರಾಧಕ್ಕೆ ಸಾಕ್ಷಿ ಮಾಡಬಾರದು, ಮಾಧ್ಯಮಗಳು ಮುಖ ತೋರಿಸಬಾರದು, ವಿಳಾಸದ ದಾಖಲೆ ಇಲ್ಲದಿದ್ದರೂ ಆಧಾರ್ ಕೊಡಬೇಕು, ಆ ಆಧಾರ್‌ನಲ್ಲಿ ಕೆಲಸದ ಸುಳಿವು ಇರಬಾರದು. ಕೇಂದ್ರ ಸರ್ಕಾರ ತಕರಾರು ತೆಗೆದ ಕೆಲವು ಶಿಫಾರಸು ಹಾಗೇ ಉಳಿದವು. ಆಧಾರ್ ಕೊಡೋ ರೀತಿ ನನಗೆ ದಾರಿ ಅನಿಸಿತು. ಹಕ್ಕು ಸಿಗಬೇಕು, ಹಣೆಪಟ್ಟಿ ಸಿಗಬಾರದು.

'ಚಿಕ್ಕ ಹುಡುಗಿಗೆ ಮುತ್ತು ಕಟ್ಟಿದ್ದನ್ನ ಆಯ್ಕೆ ಅನ್ನೋಕೆ ನಿಂಗೆ ಮನಸ್ಸು ಹೇಗೆ ಬರುತ್ತೆ?' ಅಂತ ಗೆಳತಿಯೊಬ್ಬಳು ಕೇಳಿದಳು. ಈ ಚರ್ಚೆಯಲ್ಲಿ ನಾನು ಕೇಳಿದ ಅತ್ಯಂತ ಗಟ್ಟಿ ಪ್ರಶ್ನೆ ಅದು. ನಾನು ಅದನ್ನ ಆಯ್ಕೆ ಅನ್ನೋದಿಲ್ಲ. ಅದು ಅನ್ಯಾಯ, ಜಾತಿ ಮಾಡಿದ ಅನ್ಯಾಯ. ಮುತ್ತು ಕಟ್ಟಿದವರ ಮೇಲೆ ಕೇಸ್ ಆಗಬೇಕು. 2007–08ರ ರಾಜ್ಯದ ಸಮೀಕ್ಷೆ ಸೇರಿದರೆ ದೇವದಾಸಿಯರ ಲೆಕ್ಕ 46,660. ಆದರೆ ಅನ್ಯಾಯವಾಗಿ ಕೆಲಸಕ್ಕೆ ಇಳಿಸಲ್ಪಟ್ಟವಳಿಗೆ ಆ ಕೆಲಸದಲ್ಲಿ ಪೆಟ್ಟು ಬಿದ್ದಾಗ ದೂರು ಕೊಡೋ ಹಕ್ಕೂ ಬೇಡ ಅಂದರೆ ಅದು ಎರಡನೇ ಅನ್ಯಾಯ. ಜೀತದಿಂದ ಬಿಡಿಸಿದವನಿಗೆ 'ನಿನ್ನನ್ನ ಬಲವಂತವಾಗಿ ದುಡಿಸಿದ್ದು, ಹಾಗಾಗಿ ನಿನಗೆ ಬಾಕಿ ಕೂಲಿ ಇಲ್ಲ' ಅಂತ ಯಾರಾದರೂ ಅಂದಾರೇ?

ಒಮ್ಮೆ ಒಂದು ಊರಿನ ಲಾಡ್ಜಿನಲ್ಲಿ ಗಿರಾಕಿಯೊಬ್ಬ ಅಕ್ಕನ ಕೈ ತಿರುವಿ ದುಡ್ಡು ಕೊಡದೇ ಹೋದ. ಮೂರು ವಾರ ಗೊನೆ ಹಿಡಿಯೋಕೆ ಆಗಲಿಲ್ಲ, ಅಂದರೆ ಎರಡೂ ಕೂಲಿ ಹೋದವು. ದೂರು ಕೊಟ್ಟಳೇ? "ಕೊಟ್ರ ಮೊದಲ ನನ್ನ ಹೆಸರ ಬರಕೋತಾರ." ನಾನು ವರ್ಷಕ್ಕೊಮ್ಮೆ ಆಫೀಸಿನಲ್ಲಿ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಟ್ರೈನಿಂಗ್ ಮಾಡಿಸುತ್ತೇನೆ, ಸ್ಲೈಡ್ ಸಮೇತ. ಯಾವ ಹೆಂಗಸಿಗೆ ಆ ರಕ್ಷಣೆ ಎಲ್ಲರಿಗಿಂತ ಹೆಚ್ಚು ಬೇಕೋ ಆಕೆಗೆ ದೂರು ಕೊಡೋಕೆ ಸಮಿತಿಯಿಲ್ಲ. ಠಾಣೆಯ ಮೆಟ್ಟಿಲು ಹತ್ತಿದರೆ ಆಕೆಯೇ ಆರೋಪಿ ಆದಾಳು.

ನಮ್ಮ ಗಡಿಯಾಚೆ ಬೇರೆ ಪಾಠ ಇದೆ. ಮಿರಜ ದಾಟಿದರೆ ಸಾಂಗ್ಲಿ. ಅಲ್ಲಿ ಸಂಗ್ರಾಮ್ ಸಂಸ್ಥೆಯ ಕೆಲಸದಿಂದ 1996ರಲ್ಲಿ ಹುಟ್ಟಿದ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಹೆಂಗಸರದೇ ಸಂಘಟನೆ. ಅದರಲ್ಲಿ ನಮ್ಮ ಕಡೆಯಿಂದ ಹೋದ ಕನ್ನಡ ಮಾತಾಡೋರು ಬಹಳ. ಕಾಂಡೋಮ್ ಹಂಚೋದರಿಂದ ಹಿಡಿದು ಜಗಳ ಬಗೆಹರಿಸೋ ತನಕ ಅವರೇ ಕಮಿಟಿ, ಅವರೇ ಪಂಚರು. ಮೈಸೂರಿನ ಆಶೋದಯ ಸಮಿತಿಯದ್ದೂ ಅಂಥದೇ ಹಾದಿ, ಬೆಂಗಳೂರಿನಲ್ಲಿ 2006ರಲ್ಲಿ ಯೂನಿಯನ್ನೇ ಕಟ್ಟಿದರು. ಇವರು ಯಾರೂ ಉದ್ಧಾರಕರಿಗಾಗಿ ಕಾದು ಕೂತವರಲ್ಲ.

ನಮ್ಮ ಜಿಲ್ಲೆಯ ಮಣ್ಣಿಗೆ ಈ ಮಾತು ಹೊಸದೂ ಅಲ್ಲ. ಬಸವಣ್ಣ ಹುಟ್ಟಿದ್ದು ಇಲ್ಲೇ. ಅದೇ ಹನ್ನೆರಡನೇ ಶತಮಾನದ ವಚನಕಾರರಲ್ಲಿ ಸೂಳೆ ಸಂಕವ್ವೆಯೂ ಒಬ್ಬಳು. ತನ್ನ ಕೆಲಸದ ಕರಾರನ್ನೇ ಭಕ್ತಿಯ ನಿಷ್ಠೆಗೆ ಹೋಲಿಸಿದವಳು. ಆಕೆಯ ಕಸುಬು ಹೆಸರಿನ ಜೊತೆಗೇ ಉಳಿದುಬಂತು, ಯಾರೂ ಅದನ್ನ ಅಳಿಸಲಿಲ್ಲ. ಕಾಯಕದ ಬಗ್ಗೆ ಜಯಂತಿಯ ದಿನ ಭಾಷಣ ಮಾಡೋ ನಾವು ಆಕೆಯ ಹೆಸರು ಬಂದಾಗ ಮಾತ್ರ ದನಿ ಸಣ್ಣ ಮಾಡುತ್ತೇವೆ.

ಕೊನೆಗೆ ಅಕ್ಕನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸಣ್ಣದು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡಿಗೆ ತೋಟದ ಕೂಲಿ ಅಂತಲೇ ಹೆಸರು ಹಚ್ಚಿದೆವು. ಅದು ಸುಳ್ಳಲ್ಲ, ಹಾಗಾಗಿ ಆಕೆಗೂ ಸಮಾಧಾನ. ಉಳಿದದ್ದು ನನ್ನ ಕೈಯಲ್ಲಿಲ್ಲ, ಸಂಸತ್ತಿನ ಕೈಯಲ್ಲಿದೆ: 4ನೇ ಸೆಕ್ಷನ್‌ನಿಂದ ಮಕ್ಕಳನ್ನೂ ಹೆತ್ತವರನ್ನೂ ಹೊರಗಿಡೋದು, ಇಬ್ಬರು ಹೆಂಗಸರು ಕೂಡಿ ಇದ್ದರೆ ವೇಶ್ಯಾಗೃಹ ಅನ್ನೋ ಸಾಲು ತೆಗೆಯೋದು, ಕರೆದದ್ದಕ್ಕೆ ಶಿಕ್ಷೆ ನಿಲ್ಲಿಸೋದು. ಮಕ್ಕಳನ್ನ ಇಳಿಸುವವರಿಗೆ, ಸಾಗಿಸುವವರಿಗೆ ಇರೋ ಶಿಕ್ಷೆ ಹಾಗೇ ಇರಲಿ, ಇನ್ನೂ ಬಿಗಿಯಾಗಲಿ. ಲೈಸೆನ್ಸು ಬೇಡ, ರಿಜಿಸ್ಟರ್ ಬೇಡ. ಕಾಯಿಲೆಗೆ ವಿಮೆ, ಮುಪ್ಪಿಗೆ ಪಿಂಚಣಿ, ಪೆಟ್ಟಿಗೆ ದೂರು ಇಷ್ಟು ಇರಲಿ.

ಅಕ್ಕನಿಗೆ ಇದನ್ನೆಲ್ಲ ಬಿಡಿಸಿ ಹೇಳಿದಾಗ ಪಿಂಚಣಿ ವಿಷಯ ಆಕೆ ಮರೆತೇಬಿಟ್ಟಳು. 4ನೇ ಸೆಕ್ಷನ್ನಿನ ಹತ್ತಿರವೇ ನಿಂತಳು. ಎರಡೆರಡು ಸಲ ಕೇಳಿದಳು, ಮಗಳ ಮೇಲೆ ಖರೇನ ಕೇಸ್ ಆಗಬಹುದೇನು ಅಂತ. ಆಮೇಲೆ ಅಂದಳು:

"ನನ್ನ ಮಗಳು ಈ ಕೆಲಸಕ್ಕ ಬರಬಾರ್ದು ಅಂತನ ನಾ ಈ ಕೆಲಸಕ್ಕ ಹೋಗೂದು ತಂಗಿ. ಬ್ಯಾರೆ ಏನೂ ಬ್ಯಾಡ, ಮೊದಲ ಅದೊಂದ ಸಾಲ ತೆಗೀಲಿ."