ಕೊನೆಗೌಡನ ಸಂಗಡ ಒಂದು ದಿನ

ಶಿರಸಿಯಿಂದ ಯಲ್ಲಾಪುರದ ಹಾದಿಯನ್ನು ಹಿಡಿದು ಹೋಗತಕ್ಕ ಪ್ರವಾಸಿಗರಲ್ಲಿ ಅನೇಕರು ಸಹಸ್ರಲಿಂಗದ ದರ್ಶನಕ್ಕೆಂದು ಹೊರಟವರಾಗಿರುತ್ತಾರೆ. ಸೋದೆಯ ಸದಾಶಿವರಾಯನು ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿಸಿದನೆಂದು ಹೇಳುವ ಆ ಲಿಂಗಗಳು ಬೇಸಗೆಯಲ್ಲಿ ಕಣ್ತುಂಬ ಕಾಣುತ್ತವೆ. ನಾವು ಹೋದುದು ಶ್ರಾವಣಮಾಸದಲ್ಲಿ. ಹೊಳೆಯು ತುಂಬಿ ಹರಿಯುತ್ತಿದ್ದುದರಿಂದ ಲಿಂಗಗಳೆಲ್ಲ ಕೆಂಪುನೀರಿನ ಅಡಿಯಲ್ಲಿ ಅಡಗಿದ್ದವು. ಇದರಿಂದ ನಮಗೆ ನಿರಾಶೆಯೇನೂ ಆಗಲಿಲ್ಲ. ನಾವು ಹೊರಟಿದ್ದುದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಕೆಲಸವನ್ನು ನೋಡುವುದಕ್ಕೆ. ಅವನ ಕೆಲಸವು ನಡೆಯತಕ್ಕ ಕಾಲವೂ ಅದೇ ಆಗಿತ್ತು.

ಆತನು ಕೊನೆಗೌಡ. ಬಯಲುಸೀಮೆಯ ವಾಚಕರಿಗೆ ಈ ಮಾತು ಹೊಸದಾಗಿ ಕೇಳಿಸೀತು. ಅಡಿಕೆಯ ಗೊಂಚಲಿಗೆ ಈ ಸೀಮೆಯಲ್ಲಿ ಕೊನೆಯೆಂದು ಹೆಸರು. ಮರವನ್ನು ಹತ್ತಿ ಅದನ್ನು ಕೊಯ್ದಿಳಿಸುವವನೇ ಕೊನೆಗೌಡ. ಹಿಂದೆ ಒಂದೊಂದು ಊರಿಗೆ ಒಬ್ಬಿಬ್ಬರು ಇರುತ್ತಿದ್ದರು. ಈಗ ಮರ ಹತ್ತುವವರು ಅಪರೂಪವಾಗಿರುವುದರಿಂದ ನಮ್ಮ ಶಿಷ್ಯನು ಐದು ಜನರ ಒಂದು ಚಿಕ್ಕ ತಂಡವನ್ನು ಕಟ್ಟಿಕೊಂಡು, ಸುತ್ತಲಿನ ಇಪ್ಪತ್ತು ತೋಟಗಳ ಮರಗಳ ಯೋಗಕ್ಷೇಮವನ್ನು ವಹಿಸಿಕೊಂಡಿದ್ದಾನೆ. ಮಳೆಗಾಲದಲ್ಲಿ ಎರಡು ಸಲ ಔಷಧವನ್ನು ಸಿಂಪಡಿಸುವುದು, ಅನಂತರ ಕೊನೆಯನ್ನು ಕೊಯ್ಯುವುದು, ತೆಂಗಿನ ಮರಗಳ ಒಣಗಿದ ಗರಿಗಳನ್ನು ತೆಗೆಯುವುದು, ಬಿಸಿಲು ಬಡಿಯುವ ಮರಗಳ ಕಾಂಡಕ್ಕೆ ಸೋಗೆಯನ್ನು ಕಟ್ಟುವುದು, ಇವು ಅವರ ವರುಷದ ಕೆಲಸಗಳು.

ಬೆಳಗ್ಗೆ ಏಳು ಗಂಟೆಗೆ ನಾವು ತೋಟಕ್ಕೆ ಇಳಿದೆವು. ಇಲ್ಲಿಯ ತೋಟಗಳು ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿರುತ್ತವೆ. ಮೇಲೆ ಸೊಪ್ಪಿನ ಬೆಟ್ಟ. ಅದರ ಕೆಳಗೆ ಮನೆ. ಮನೆಯಿಂದ ಮೆಟ್ಟಿಲುಗಳನ್ನಿಳಿದರೆ ಸಾಲುಸಾಲಾಗಿ ಅಡಿಕೆಯ ಮರಗಳು, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿಗಳು, ನಡುನಡುವೆ ಬಾಳೆ ಮತ್ತು ಏಲಕ್ಕಿ. ಮಳೆಯು ಎರಡು ದಿವಸ ಹೊಳವಾಗಿದ್ದರೂ ಕಾಲುವೆಗಳು ತುಂಬಿದ್ದವು. ಮರಗಳ ಮೈಯೆಲ್ಲ ಹಸುರು ಪಾಚಿ. ನಾವು ಒಂದು ಮರವನ್ನು ಮುಟ್ಟಿನೋಡಲಾಗಿ ಸೋಪನ್ನು ಮುಟ್ಟಿದಂತೆ ಕೈ ಜಾರಿತು.

ಅಮರಕೋಶದಲ್ಲಿ ಅಡಿಕೆಯ ಮರಕ್ಕೆ ಪೂಗ, ಕ್ರಮುಕ ಮುಂತಾದ ಹೆಸರುಗಳಿವೆ. ತೆಂಗು, ತಾಳೆ, ಖರ್ಜೂರಗಳೊಡನೆ ಇದನ್ನು ಕೋಶಕಾರನು ತೃಣದ್ರುಮಗಳೆಂದು, ಎಂದರೆ ಹುಲ್ಲುಜಾತಿಯ ಮರಗಳೆಂದು ಕರೆದಿದ್ದಾನೆ. ನಾವು ಈ ಮಾತನ್ನು ಮೂವತ್ತು ವರುಷ ಪಾಠ ಹೇಳಿದ್ದರೂ ಅದರ ಅರ್ಥವು ಅಂದು ಮನಸ್ಸಿಗೆ ಇಳಿಯಿತು. ಮಾವು ಹಲಸುಗಳ ಕಾಂಡಕ್ಕೆ ಗಾಯವಾದರೆ ತೊಗಟೆಯು ಬೆಳೆದು ಅದನ್ನು ಮುಚ್ಚುತ್ತದೆ. ಅಡಿಕೆಯ ಮರಕ್ಕೆ ಆ ಶಕ್ತಿಯಿಲ್ಲ. ಒಮ್ಮೆ ಆದ ಗಾಯವು ಮರ ಇರುವವರೆಗೂ ಗಾಯವೇ. ಕೊಂಬೆಗಳೂ ಇಲ್ಲ, ನೆತ್ತಿಯಲ್ಲಿ ಒಂದೇ ಒಂದು ಸುಳಿ. ಅದು ಕೊಳೆತರೆ ಮರವೇ ಹೋಯಿತು. ಆದುದರಿಂದ ಇಲ್ಲಿ ಮರದ ಆರೈಕೆಯೆಂದರೆ ಕಾಂಡವನ್ನು ನೋಯಿಸದೆ ನೆತ್ತಿಯನ್ನು ಕಾಪಾಡುವುದು.

ನಾವು ಹೋದಾಗ ಶಿಷ್ಯನ ಹೆಂಡತಿಯು ಔಷಧವನ್ನು ಕೂಡಿಸುತ್ತಿದ್ದಳು. ಒಂದು ಪ್ಲಾಸ್ಟಿಕ್ ಪೀಪಾಯಿಯಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರ್ ನೀರಿಗೆ 1 ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಮೆಲ್ಲನೆ ಹೊಯ್ಯುತ್ತ ಕೋಲಿನಿಂದ ತಿರುವಿದಳು. ಬಳಿಕ ಚೆನ್ನಾಗಿ ಉಜ್ಜಿದ ಒಂದು ಕತ್ತಿಯನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. “ಅಲಗು ಕೆಂಪಾಯಿತೆಂದರೆ ತುತ್ತ ಹೆಚ್ಚಾಗಿದೆಯೆಂದು ಲೆಕ್ಕ, ಮಾಸ್ತರೇ. ಹಾಗೆಯೇ ಹೊಡೆದರೆ ಕಾಯಿ ಸುಡುತ್ತದೆ. ಆಗ ಇನ್ನಷ್ಟು ಸುಣ್ಣ ಹಾಕಬೇಕು” ಎಂದಳು. ಅಲಗು ಬೆಳ್ಳಗೆಯೇ ಇದ್ದಿತು. ಕಬ್ಬಿಣದ ಪಾತ್ರೆಯಲ್ಲಿ ಇದನ್ನು ಮಾಡಲಾಗದು, ನಾಳೆಗೆಂದು ಇಡಲೂ ಆಗದು. ಅಂದಿನದು ಅಂದೇ ಮುಗಿಯಬೇಕು.

ಇದೇ ಬೋರ್ಡೋ ದ್ರಾವಣ. ಇದರ ಹುಟ್ಟು ವಿಚಿತ್ರವಾದುದು. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ರಸ್ತೆಯ ಪಕ್ಕದ ಬಳ್ಳಿಗಳಿಗೆ ತುತ್ತ ಸುಣ್ಣಗಳನ್ನು ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ಮಾತ್ರ ರೋಗವು ತಗುಲದಿದ್ದುದನ್ನು 1882 ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ಕಂಡು, 1885 ರಲ್ಲಿ ಅದನ್ನು ಪ್ರಕಟಿಸಿದನು. ನಮ್ಮ ಕಡೆ ಅಡಿಕೆಯ ಎಳೆಗಾಯಿಗಳನ್ನು ಮಳೆಗಾಲದಲ್ಲಿ ಕೊಳೆಯಿಸಿ ಉದುರಿಸುವ ಕೊಳೆರೋಗಕ್ಕೆ ಇದನ್ನೇ ಮದ್ದಾಗಿ ನೆಲೆಗೊಳಿಸಿದವರು, 1908 ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು. ಅದಕ್ಕೆ ಮೊದಲು ಒಂದೊಂದು ಕೊನೆಗೂ ಹುಲ್ಲಿನ ಕೊಟ್ಟೆಯನ್ನು ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಮುಂಗಾರಿನ ಆರಂಭಕ್ಕೆ ಒಮ್ಮೆ, ಅದಾದ ನಲವತ್ತು ನಲವತ್ತೈದು ದಿವಸಗಳಿಗೆ ಇನ್ನೊಮ್ಮೆ, ಈ ಔಷಧವು ಕೊನೆಗೆ ಬೀಳಬೇಕು. ನಾವು ಕಂಡುದು ಎರಡನೆಯ ಸರದಿಯನ್ನು.

ಔಷಧವು ಸಿದ್ಧವಾಯಿತು, ಇನ್ನು ಅದನ್ನು ಐವತ್ತು ಅರುವತ್ತು ಅಡಿ ಮೇಲಕ್ಕೆ ಮುಟ್ಟಿಸುವ ಬಗೆ ಹೇಗೆ? ಈ ಪ್ರಶ್ನೆಯ ಮೇಲೆಯೇ ತಂಡದ ಲಾಭನಷ್ಟವೂ ಜೀವವೂ ನಿಂತಿವೆ. ಶಿಷ್ಯನು ತನ್ನ ಸಲಕರಣೆಗಳನ್ನು ತೆಂಗಿನ ಬುಡದಲ್ಲಿ ಸಾಲಾಗಿ ಇರಿಸಿ ನಮಗೆ ಒಂದೊಂದನ್ನೂ ವಿವರಿಸಿದನು.

ಮೊದಲನೆಯದು ತಳೆ. ಎರಡು ಪಾದಗಳನ್ನೂ ಸೇರಿಸಿ ಹಾಕಿಕೊಳ್ಳುವ ಹಗ್ಗದ ಬಳೆ ಅದು. ಬೆಲೆಯೆಂಬುದೇ ಇಲ್ಲದ ಈ ಉಪಕರಣದಿಂದ ಆತನ ತಂದೆ, ಅಜ್ಜ ಮುಂತಾದವರೆಲ್ಲ ಜೀವಮಾನವನ್ನು ಕಳೆದರು. ಎರಡನೆಯದು ಕೊಕ್ಕೆ. ಹಳಬರು ಒಂದು ಮರದ ನೆತ್ತಿಯಲ್ಲಿ ಕುಳಿತು, ಪಕ್ಕದ ಮರವನ್ನು ಕೊಕ್ಕೆಯಿಂದ ಸೆಳೆದುಕೊಂಡು, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ದಾಟುತ್ತಿದ್ದರು. ಮೂರನೆಯದು ಸೊಂಟದ ಪಟ್ಟಿ ಮತ್ತು ಕಾಂಡವನ್ನು ಬಳಸುವ ಹಗ್ಗ. ನಾಲ್ಕನೆಯದು ಕಾರ್ಬನ್ ಫೈಬರಿನ ದೋಟಿ: ಒಂದರೊಳಗೊಂದು ಸೇರುವ ಕೊಳವೆಗಳನ್ನು ಹೊರಗೆಳೆದರೆ ಐವತ್ತು ಅಡಿಯಾಗುತ್ತದೆ. ಅದರ ತುದಿಗೆ ಪಂಪಿನ ನಳಿಕೆಯನ್ನು ಕಟ್ಟಿ ನೆಲದ ಮೇಲೆ ನಿಂತೇ ಔಷಧವನ್ನು ಹೊಡೆಯಬಹುದು. ಕುಡುಗೋಲನ್ನು ಕಟ್ಟಿದರೆ ಕೊನೆಯನ್ನೂ ಕೊಯ್ಯಬಹುದು. ಇದಕ್ಕಾಗಿ ಆತನು ಸಹಕಾರಿ ಸಂಘದಲ್ಲಿ ಸಾಲ ಮಾಡಿದ್ದನು.

ಎಂಜಿನ್ನಿನ ಬಲದಿಂದ ಮನುಷ್ಯನನ್ನು ಕೂರಿಸಿಕೊಂಡು ಮರವನ್ನೇರುವ ಯಂತ್ರವನ್ನು ಬಂಟ್ವಾಳ ತಾಲ್ಲೂಕಿನ ಕೃಷಿಕರೊಬ್ಬರು ರಚಿಸಿ 2019 ರಲ್ಲಿ ಪ್ರಸಿದ್ಧರಾದುದು ನಮಗೆ ನೆನಪಿಗೆ ಬಂದು, ಅದನ್ನೇಕೆ ಕೊಳ್ಳಲಿಲ್ಲವೆಂದು ಕೇಳಿದೆವು. ಆತನು ಹೇಳಿದನು: “ಸ್ವಂತ ತೋಟದವರಿಗೆ ಅದು ಚೆನ್ನ, ಮಾಸ್ತರೇ. ನಮಗೆ ದಿನಕ್ಕೊಂದು ತೋಟ. ಈ ಕಾಲುವೆಗಳನ್ನು ದಾಟಿಸಿ ಮರಮರಕ್ಕೂ ಹೊತ್ತು ಕಟ್ಟಿ ಬಿಚ್ಚುವವರು ಯಾರು? ಮೇಲಾಗಿ ಮೆಣಸಿನ ಬಳ್ಳಿ ಹಬ್ಬಿದ ಮರವನ್ನು ಯಂತ್ರ ಹತ್ತಿದರೂ ಒಂದೇ, ತಳೆ ಹತ್ತಿದರೂ ಒಂದೇ; ಬಳ್ಳಿ ಹರಿಯುತ್ತದೆ. ದೋಟಿಯಾದರೆ ಬಳ್ಳಿಯನ್ನು ಮುಟ್ಟುವುದಿಲ್ಲ.”

ಹಾಗಿದ್ದರೆ ತಳೆಯನ್ನು ಇನ್ನೂ ಇಟ್ಟುಕೊಂಡಿರುವುದೇಕೆ? ಇದಕ್ಕೆ ಉತ್ತರವು ಕೆಲಸದಲ್ಲಿಯೇ ದೊರೆಯಿತು. ದೋಟಿಯ ಇಬ್ಬರು ಯುವಕರು ಕತ್ತನ್ನು ಹಿಂದಕ್ಕೆ ಬಾಗಿಸಿ ಒಂದೊಂದು ಕೊನೆಯನ್ನೂ ತೋಯಿಸುತ್ತ ಮುಂದುವರಿದರು. ಶಿಷ್ಯನು ಅವರ ಹಿಂದೆ ಬಂದು, ಹತ್ತು ಹನ್ನೆರಡು ಮರಗಳಿಗೊಮ್ಮೆ ಬಳ್ಳಿಯಿಲ್ಲದ ಒಂದು ಮರವನ್ನಾರಿಸಿ, ಪಾಚಿಯನ್ನು ಗೋಣಿಯಿಂದ ಒರಸಿ, ತಳೆ ಹಾಕಿ, ಪಟ್ಟಿಯನ್ನು ಬಿಗಿದು ಹತ್ತುತ್ತಿದ್ದನು. ಕೊನೆಯ ಒಳಮಗ್ಗುಲಿಗೆ ಔಷಧ ತಗುಲಿದೆಯೇ, ಸುಳಿಯು ನೇರವಾಗಿದೆಯೇ, ಗರಿಗಳ ಮೇಲೆ ಈಚಿನ ವರುಷಗಳಲ್ಲಿ ಮಲೆನಾಡನ್ನು ಕಾಡುತ್ತಿರುವ ಎಲೆಚುಕ್ಕಿಯ ಗುರುತುಂಟೇ ಎಂದು ನೋಡಿ, ಇಳಿದು ಬಂದು ಹುಡುಗರಿಗೆ ಹೇಳುತ್ತಿದ್ದನು. “ದೋಟಿಗೆ ಕೈಯುಂಟು, ಕಣ್ಣಿಲ್ಲ” ಎಂಬುದು ಅವನ ಮಾತು. ಕೊಕ್ಕೆಯನ್ನು ಮಾತ್ರ ಆತನು ಅಂದು ಮುಟ್ಟಲೇ ಇಲ್ಲ. ಪ್ರತಿಯೊಂದು ಮರದಿಂದಲೂ ನೆಲಕ್ಕಿಳಿದೇ ಇನ್ನೊಂದಕ್ಕೆ ಹೋದನು. ಹೀಗೆ ಮಾಡಿದರೆ ದಿನಕ್ಕೆ ಆಗತಕ್ಕ ಮರಗಳು ಕಡಮೆ. ಈ ಕಾರಣದಿಂದಲೇ ಇಬ್ಬರು ತೋಟದವರು ಅವನನ್ನು ಬಿಟ್ಟು ಬೇರೆಯವರನ್ನು ಕರೆದರಂತೆ.

ಮಧ್ಯಾಹ್ನ ಮೂರು ಗಂಟೆಯ ವೇಳೆಗೆ ಪಡುವಣ ಗುಡ್ಡದ ಮೇಲೆ ಮೋಡ ಕವಿಯಿತು. ತೋಟದ ಅಂಚಿನಲ್ಲಿ ಹನ್ನೊಂದು ಮರಗಳು ಉಳಿದಿದ್ದವು. ಅವುಗಳ ಪಕ್ಕದಲ್ಲಿ ವಿದ್ಯುತ್ತಿನ ತಂತಿಯು ಹಾದುಹೋಗಿದ್ದಿತು. ಶಿಷ್ಯನು ಹುಡುಗರನ್ನು ತಡೆದು ದೋಟಿಯನ್ನು ಮಡಿಸಿಸಿದನು. ತೋಟದ ಯಜಮಾನರು, “ಇಷ್ಟು ಮಾಡಿ ಹನ್ನೊಂದನ್ನು ಬಿಡುವುದೇ? ನಾಳೆ ಮಳೆ ಹಿಡಿದರೆ ಕೊಳೆ ಅಲ್ಲಿಂದಲೇ ಹಬ್ಬುತ್ತದೆ” ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ನಮಗೂ ಅವರ ಪಕ್ಷವೇ ಸರಿಯೆಂದು ತೋರಿ, “ತಂತಿಯು ಅಷ್ಟು ದೂರ ಇದೆಯಲ್ಲ, ತಮ್ಮಾ” ಎಂದುಬಿಟ್ಟೆವು.

ಆತನು ನಮ್ಮ ಕಡೆ ತಿರುಗಿ, “ಪೆನ್ಸಿಲಿನ ಕಡ್ಡಿಯಲ್ಲಿ ವಿದ್ಯುತ್ತು ಹರಿಯುತ್ತದೆಂದು ನಮ್ಮ ಶಾಲೆಯಲ್ಲಿ ವಿಜ್ಞಾನದ ಮಾಸ್ತರರು ದೀಪ ಹೊತ್ತಿಸಿ ತೋರಿಸಿದ್ದರು. ಈ ದೋಟಿಯೂ ಇಂಗಾಲವೇ ಅಲ್ಲವೇ? ಐವತ್ತಡಿಯ ಕೋಲು ಕೈಯಲ್ಲಿ ಒಮ್ಮೆ ಓಲಿದರೆ ಸಾಕು. ಮರ ಹತ್ತಿದರೂ ಅಷ್ಟೇ, ಒದ್ದೆಯ ಗರಿ ಗಾಳಿಗೆ ತಂತಿಯನ್ನು ತಾಗಿದರೆ ಮುಗಿಯಿತು” ಎಂದನು. ಬಳಿಕ ಯಜಮಾನರಿಗೆ, “ಲೈನ್ ತೆಗೆಸಿ ಕೊಡಿ. ನಾಳೆ ಬೆಳಗ್ಗೆ ಬಂದು ಮುಗಿಸುತ್ತೇನೆ. ಅದಕ್ಕೆ ಕೂಲಿ ಬೇಡ” ಎಂದನು. ಅದರ ಹಿಂದೆಯೇ ಮಳೆಯೂ ಬಂದಿತು.

ಆ ರಾತ್ರಿ ನಾವು ಆತನ ಮನೆಯಲ್ಲಿಯೇ ಉಳಿದೆವು. ಒಂದು ವಿಷಯವನ್ನು ವಾಚಕರಿಗೆ ಮರೆಮಾಡಬಾರದು. ಈತನು ಏಳನೆಯ ತರಗತಿಯಲ್ಲಿದ್ದಾಗ ಕೊನೆಕೊಯ್ಲಿನ ಕಾಲದಲ್ಲಿ ಹದಿನೈದು ದಿವಸ ಶಾಲೆಗೆ ಬಂದಿರಲಿಲ್ಲ. ಬಂದ ದಿವಸ ನಾವು ಕಾರಣವನ್ನು ವಿಚಾರಿಸದೆ ಬೆಂಚಿನ ಮೇಲೆ ನಿಲ್ಲಿಸಿದೆವು. ಹುಡುಗನು ತುಟಿ ಬಿಚ್ಚಲಿಲ್ಲ. ಅವನ ತಂದೆಯು ಮರದಿಂದ ಮರಕ್ಕೆ ದಾಟುವಾಗ ಕೊಕ್ಕೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದನೆಂಬುದು ಸಂಜೆ ಇತರ ಹುಡುಗರಿಂದ ತಿಳಿಯಿತು. ತಂದೆಯು ಮತ್ತೆ ಏಳಲಿಲ್ಲ; ಒಂಬತ್ತು ವರುಷ ಜಗಲಿಯಲ್ಲಿ ಮಲಗಿದ್ದು ತೀರಿಕೊಂಡನು. ಹುಡುಗನು ಆ ವರುಷವೇ ಶಾಲೆಯನ್ನು ಬಿಟ್ಟನು. ನಾವು ಅವನಲ್ಲಿ ತಪ್ಪೊಪ್ಪಿಕೊಂಡಿರಲಿಲ್ಲ. ಮಾಸ್ತರರಿಗೆ ಆಗ ಆ ಪದ್ಧತಿಯಿರಲಿಲ್ಲ.

ಅದೇ ಜಗಲಿಯಲ್ಲಿ ಕುಳಿತು ಅಂದು ಆ ಮಾತನ್ನು ತೆಗೆದೆವು. ಆತನು ನಕ್ಕು, “ಎತ್ತರದಲ್ಲಿ ಅಲ್ಲಾಡದೆ ನಿಲ್ಲುವುದನ್ನು ನನಗೆ ಮೊದಲು ಕಲಿಸಿದವರು ನೀವೇ ಅಲ್ಲವೇ, ಮಾಸ್ತರೇ?” ಎಂದನು. ಮನೆಯವರೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ. ಆತನ ಮುದಿತಾಯಿ ಮಾತ್ರ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಕೊಕ್ಕೆಯನ್ನು ತೋರಿಸಿ, “ಅದು ಅವರ ಅಪ್ಪನದು. ದಿನಾ ತೋಟಕ್ಕೆ ಒಯ್ಯುತ್ತಾನೆ, ಹುಡುಗರ ಎದುರಿಗೆ ಇಡುತ್ತಾನೆ, ಮುಟ್ಟುವುದಿಲ್ಲ” ಎಂದಳು. ಬೆಳಗ್ಗೆ ಸಲಕರಣೆಗಳ ಸಾಲಿನಲ್ಲಿ ಅದೇಕೆ ಇದ್ದಿತೆಂಬುದು ನಮಗೆ ಆಗ ತಿಳಿಯಿತು.

ಮರುದಿನ ಎಂಟು ಗಂಟೆಗೆ ಲೈನ್ ತೆಗೆದರು. ಮಳೆಯು ರಾತ್ರಿಯೇ ನಿಂತು ಕೊನೆಗಳು ಆರಿದ್ದವು. ಹೊಸದಾಗಿ ಕೂಡಿಸಿದ ಔಷಧದಿಂದ ಹನ್ನೊಂದು ಮರಗಳೂ ಒಂದು ಗಂಟೆಯೊಳಗಾಗಿ ಮುಗಿದವು. ಯಜಮಾನರು ಕೂಲಿಯನ್ನು ಕೊಡಹೋದರೂ ಆತನು ತೆಗೆದುಕೊಳ್ಳಲಿಲ್ಲ. ಅವರು ಒಂದು ಬಾಳೆಯ ಗೊನೆಯನ್ನು ಕಡಿಸಿ ತಂಡದ ಗಾಡಿಯಲ್ಲಿರಿಸಿದರು.

ಅಮರಕೋಶದಲ್ಲಿ ಅಡಿಕೆಯ ಕಾಯಿಗೆ ಉದ್ವೇಗವೆಂದು ಇನ್ನೊಂದು ಹೆಸರುಂಟು. ಉದ್ವೇಗವೆಂದರೆ ಕಳವಳ. ಕಾಯಿಗೆ ಈ ಹೆಸರೇಕೆ ಬಂದಿತೆಂದು ಹುಡುಗರು ಕೇಳಿದಾಗಲೆಲ್ಲ ನಾವು ಏನೋ ಒಂದು ವ್ಯುತ್ಪತ್ತಿಯನ್ನು ಹೇಳಿ ಮುಂದಕ್ಕೆ ಹೋಗುತ್ತಿದ್ದೆವು. ಆತನು ಮರವನ್ನು ಹತ್ತಿದಾಗಲೆಲ್ಲ ಆತನ ಹೆಂಡತಿಯು ಔಷಧವನ್ನು ತಿರುವುವ ಕೋಲನ್ನು ನಿಲ್ಲಿಸಿ ಮೇಲಕ್ಕೆ ನೋಡುವುದನ್ನೂ, ಆತನ ಕಾಲು ನೆಲಕ್ಕೆ ತಗುಲಿದ ಮೇಲೆಯೇ ಮತ್ತೆ ತಿರುವುವುದನ್ನೂ ಎರಡು ದಿವಸ ಕಂಡು ಬಂದೆವು. ಮದುವೆ ಮುಂಜಿಗಳಲ್ಲಿ ತಾಂಬೂಲದ ತಟ್ಟೆಯು ನಮ್ಮೆದುರಿಗೆ ಬಂದಾಗ ಈಗ ಮೊದಲು ನೆನಪಾಗುವುದು ನಿಂತುಹೋದ ಆ ಕೋಲು.